ಲೊಟ್ಟೆಗೊಲ್ಲಹಳ್ಳಿ ದಾಟಿದ ಮೇಲೆ

ಯಶವಂತಪುರ ರೈಲ್ವೆ ಸ್ಟೇಷನ್ನಿನ ಹಿಂದಿನ ರಸ್ತೆಯಲ್ಲಿ ರತ್ನಕ್ಕನದೊಂದು ಖಾನಾವಳಿ. ನಾಲ್ಕೇ ಮೇಜು, ಹಿಂದೆಯೇ ಮನೆ. ಬಾಗಲಕೋಟೆ, ಗದಗ, ವಿಜಯಪುರದ ಕಡೆಯಿಂದ ಬಂದು ಇಲ್ಲಿ ಕಾರ್ಖಾನೆ, ಕಚೇರಿಗಳಲ್ಲಿ ದುಡಿಯುವವರು ಮಧ್ಯಾಹ್ನ ಬಂದು ಬಿಸಿ ರೊಟ್ಟಿ, ಎಣ್ಣೆಗಾಯಿ ಉಂಡು ಹೋಗುತ್ತಾರೆ. ಯಾರಿಗೆ ಖಾರ ಜಾಸ್ತಿ ಬೇಕು, ಯಾರು ಮೊಸರಿಲ್ಲದೆ ಏಳುವುದಿಲ್ಲ ಎನ್ನುವುದೆಲ್ಲ ರತ್ನಕ್ಕನಿಗೆ ಬಾಯಿಪಾಠ. ಯಾರಾದರೂ ಎರಡು ದಿನ ಅರೆಹೊಟ್ಟೆಯಲ್ಲಿ ಎದ್ದರೆ ಮೂರನೆಯ ದಿನ ಅವಳು ಕಾರಣ ಕೇಳದೆ ಬಿಡುವವಳಲ್ಲ. ಇಂಥವಳಿಗೆ, ಒಂದೇ ಮನೆಯಲ್ಲಿರುವ ಸ್ವಂತ ತಮ್ಮ ಊಟ ಬಿಟ್ಟಿದ್ದಾನೆ ಎಂದು ಗೊತ್ತಾಗುವುದಕ್ಕೆ ಒಂದು ತಿಂಗಳು ಹಿಡಿಯಿತು. ಅವನು ಡ್ಯೂಟಿಗೆ ಬುತ್ತಿ ಒಯ್ಯುತ್ತಿದ್ದ, ಡಬ್ಬಿ ತೊಳೆದು ವಾಪಸ್ ತರುತ್ತಿದ್ದ. ಬುತ್ತಿ ಯಾರ ಹೊಟ್ಟೆ ಸೇರುತ್ತಿದೆ ಎಂದು ಅವಳಾದರೂ ಯಾಕೆ ಕೇಳಿಯಾಳು?

ತಮ್ಮನ ಹೆಸರು ಸೋಮನಾಥ. ಅವಳಿಗಿಂತ ಹದಿಮೂರು ವರ್ಷ ಚಿಕ್ಕವನು, ಗೂಡ್ಸ್ ರೈಲಿನ ಲೋಕೋ ಪೈಲಟ್. ಅವರಪ್ಪ ಪಂಚಪ್ಪ ಬಾದಾಮಿಯ ಆಚೀಚೆ ಹಳಿ ಕಾಯುವ ಗ್ಯಾಂಗ್‌ಮನ್ ಆಗಿದ್ದವನು. ಸುತ್ತಿಗೆ ಹೆಗಲಿಗೇರಿಸಿಕೊಂಡು ಬಿಸಿಲಲ್ಲಿ ಮೈಲಿಗಟ್ಟಲೆ ನಡೆಯುತ್ತಿದ್ದ. ಗಾಡಿ ಬಂದಾಗ ಹಳಿಯಿಂದ ಇಳಿದು ನಿಂತು ಎಂಜಿನ್ನಿನಲ್ಲಿ ಕೂತವರಿಗೆ ಕೈಯೆತ್ತುತ್ತಿದ್ದ. ಹೆಂಡತಿ ಮೊದಲೇ ತೀರಿಕೊಂಡಿದ್ದಳು. ಸೋಮನಾಥ ಎಂಟನೆಯ ಇಯತ್ತೆಯಲ್ಲಿದ್ದಾಗ ಅಪ್ಪನೂ ಹೋದ. ಆಗ ಹೊಸದಾಗಿ ಮದುವೆಯಾಗಿ ಬೆಂಗಳೂರಿಗೆ ಬಂದಿದ್ದ ರತ್ನಕ್ಕ ತಮ್ಮನನ್ನು ತನ್ನ ಜೊತೆಯಲ್ಲಿಟ್ಟುಕೊಂಡಳು. ಅವಳಿಗೆ ಮಕ್ಕಳಾಗಲಿಲ್ಲ. ಗಂಡ ಪೀಣ್ಯದಲ್ಲಿ ಲೇತ್ ಕೆಲಸದವನು, ಮಾತು ಕಡಿಮೆ. ಮನೆಯಲ್ಲಿ ಇದ್ದ ಗದ್ದಲ, ನಗು ಎಲ್ಲ ಸೋಮನಾಥನದೇ. ಕೆಲಸ ಸಿಕ್ಕಿದ ದಿನ ಅವನು ಅಕ್ಕನ ಎರಡೂ ಕೈ ಹಿಡಿದು ಖಾನಾವಳಿಯಲ್ಲೇ ಗಿರಗಿರ ತಿರುಗಿಸಿದ್ದ. "ಅಪ್ಪ ಕೆಳಗ ನಿಂತು ಕೈ ಎತ್ತತಿದ್ದ. ಇನ್ನ ಮ್ಯಾಲೆ ನಾ ಮ್ಯಾಲೆ ಕುಂತು ಎತ್ತತೇನಿ, ಅಕ್ಕಾ!" ಎಂದಿದ್ದ.

ಜುಲೈ ತಿಂಗಳ ಒಂದು ಬೆಳಿಗ್ಗೆ ಅವನ ಗಾಡಿ ಯಶವಂತಪುರ ಬಿಟ್ಟು ಯಲಹಂಕದ ಕಡೆ ಹೊರಟಿತ್ತು. ಲೊಟ್ಟೆಗೊಲ್ಲಹಳ್ಳಿ ದಾಟಿ, ಕೊಡಿಗೆಹಳ್ಳಿ ಇನ್ನೂ ಸ್ವಲ್ಪ ದೂರ ಇರುವಾಗ ಒಬ್ಬ ಹುಡುಗಿ ಹಳಿ ದಾಟುತ್ತಿದ್ದಳು. ಅವನು ಹಾರ್ನ್ ಒತ್ತಿದ, ತುರ್ತು ಬ್ರೇಕ್ ಹಾಕಿದ. ಅಷ್ಟು ಭಾರ ಹೊತ್ತ ಗಾಡಿ ಅರ್ಧ ಕಿಲೋಮೀಟರಿಗೂ ಹೆಚ್ಚು ಜಾರಿಕೊಂಡು ಹೋಗಿ ನಿಂತಿತು. ಆ ಹುಡುಗಿ ಉಳಿಯಲಿಲ್ಲ. ವಿಚಾರಣೆಗೆ ಬಂದವರು ಇದು ಯಾರ ತಪ್ಪೂ ಅಲ್ಲ ಎಂದು ಬರೆದುಕೊಂಡರು. ನಾಲ್ಕು ದಿನ ರಜೆ ಕೊಟ್ಟರು, ಬೇಕಿದ್ದರೆ ಇನ್ನೂ ತಗೋ ಎಂದರು. ಅವನೇ ಬೇಡವೆಂದ.

ಆವತ್ತು ಮನೆಗೆ ಬಂದವನು ರತ್ನಕ್ಕನಿಗೆ ಹೇಳಿದ್ದು ಒಂದೇ ಮಾತು. "ಲೈನಿನ್ಯಾಗ ಒಂದು ಕೇಸ್ ಆತು, ಅಕ್ಕಾ." ಎಂಜಿನ್ ಓಡಿಸುವವರ ಬದುಕಿನಲ್ಲಿ ಇಂಥದ್ದು ಬರುತ್ತದೆ ಎಂದು ಅವಳಿಗೆ ಗೊತ್ತಿತ್ತು. ಖಾನಾವಳಿಗೆ ಬರುವ ಅವನ ಹಿರಿಯ ಸಹೋದ್ಯೋಗಿಗಳು ಊಟದ ನಡುವೆ ಇಂಥ ಸುದ್ದಿ ಮಾತಾಡಿಕೊಳ್ಳುವುದನ್ನು ಕೇಳಿದ್ದಳು. ಕೆದಕಬಾರದು ಎಂದುಕೊಂಡು ಸ್ನಾನಕ್ಕೆ ನೀರು ಕಾಯಿಸಿ ಕೊಟ್ಟಳು. ಅವನು ಮಿಂದು ಮಲಗಿದ. ಏನಾಯಿತು ಎಂದು ತಾನು ಆವತ್ತೇ ಕೇಳಬೇಕಿತ್ತು ಎಂದು ಮುಂದೆ ಎಷ್ಟೋ ಸಲ ಅವಳಿಗೆ ಅನಿಸಿತು.

ಆಗಸ್ಟಿನಲ್ಲಿ ಅವನ ಪ್ಯಾಂಟು ಸೊಂಟದಲ್ಲಿ ನಿಲ್ಲದಾಯಿತು. ಬೆಲ್ಟಿಗೆ ಮೊಳೆಯಲ್ಲಿ ಹೊಸ ತೂತು ಹೊಡೆಯುತ್ತ ಕೂತಿದ್ದವನನ್ನು ರತ್ನಕ್ಕ ನೋಡಿದಳು.

"ಯಾಕೋ ತಮ್ಮಾ, ಇಷ್ಟ್ ಸೊರಗೀಯಲ್ಲ?"

"ಹೊಟ್ಟಿ ಸ್ವಲ್ಪ ಸರಿ ಇಲ್ಲ. ಹೊರಗಿನ ನೀರು ಕುಡದೇನಿ, ಅದಕ್ಕ."

ಹೊಟ್ಟೆಯ ವಿಷಯವೆಂದರೆ ಅದು ತನ್ನ ಇಲಾಖೆ ಎಂದು ರತ್ನಕ್ಕನಿಗೆ ಧೈರ್ಯ ಬಂತು. ಮೆಣಸಿನಕಾಯಿ ನಿಲ್ಲಿಸಿದಳು. ಓಮಿನ ನೀರು ಕುದಿಸಿದಳು, ದಾಳಿಂಬೆ ಸಿಪ್ಪೆಯ ಕಷಾಯ ಮಾಡಿದಳು, ಮಜ್ಜಿಗೆಗೆ ಜೀರಿಗೆ ಹಾಕಿ ಕೊಟ್ಟಳು. ಜೋಳ ಉಷ್ಣವಾಯಿತೋ ಏನೋ ಎಂದು ರೊಟ್ಟಿ ಬಿಡಿಸಿ ಮೆತ್ತಗಿನ ಅನ್ನ ಬಡಿಸಿದಳು. ಒಂದೂ ನಾಟಲಿಲ್ಲ. ದಿನಕ್ಕೆ ಐದು ಸಲ ಸಂಡಾಸಿಗೆ ಹೋಗುತ್ತಿದ್ದವನು ಎಂಟು ಸಲ ಹೋಗತೊಡಗಿದ. ಹತ್ತಿರದ ಕ್ಲಿನಿಕ್ಕಿನವರು ಆಮಶಂಕೆ ಎಂದು ಗುಳಿಗೆ ಕೊಟ್ಟರು. ವಾರ ಕಳೆದರೂ ಏನೂ ಇಳಿಯಲಿಲ್ಲ.

ಒಂದು ಭಾನುವಾರ ಅವನು ಮರೆತು ಸಂಡಾಸಿಗೆ ನೀರು ಹಾಕದೆ ಬಂದಿದ್ದ. ಹಿಂದೆಯೇ ಹೋದ ರತ್ನಕ್ಕ ರಕ್ತ ಕಂಡಳು. ಹೊರಗೆ ಬಂದು ಗೋಡೆ ಹಿಡಿದು ನಿಂತಳು. "ಎಷ್ಟ್ ದಿನದಿಂದೋ ಇದು?" ಎಂದು ಕೇಳಿದರೆ ಅವನು ಮೊಬೈಲು ನೋಡುತ್ತ, "ಇಪ್ಪತ್ತ್ ದಿನ ಆಗಿರಬೇಕು," ಎಂದ. ಅಂಗಿ ಮಾಸಿದೆ ಎನ್ನುವಷ್ಟು ಸಲೀಸಾಗಿ ಹೇಳಿದ ಆ ಧ್ವನಿಯೇ ಅವಳನ್ನು ಹೆಚ್ಚು ಹೆದರಿಸಿತು.

ಹೆಬ್ಬಾಳದ ದೊಡ್ಡ ಆಸ್ಪತ್ರೆಯೊಂದರಲ್ಲಿ ಕರುಳಿನೊಳಗೆ ಕ್ಯಾಮೆರಾ ಹಾಕಿ ನೋಡಿದರು. ದೊಡ್ಡ ಕರುಳಿನ ತುಂಬ ಹುಣ್ಣು. ಡಾಕ್ಟರಮ್ಮನಿಗೆ ನಲವತ್ತರ ಆಸುಪಾಸು. ಪರದೆಯ ಮೇಲಿನ ಕೆಂಪು ಚಿತ್ರಗಳನ್ನು ತೋರಿಸುತ್ತ ಸಾವಕಾಶವಾಗಿ ವಿವರಿಸಿದರು.

"ಇದು ಸೋಂಕಲ್ಲ, ತಿಂದಿದ್ದರಿಂದ ಬಂದಿದ್ದೂ ಅಲ್ಲ. ಮೈ ತನ್ನ ಕರುಳಿನ ಮೇಲೆ ತಾನೇ ತಿರುಗಿ ಬಿದ್ದಿದೆ. ಪೂರ್ತಿ ವಾಸಿ ಆಗೋ ಕಾಯಿಲೆ ಅಲ್ಲ ಇದು, ಆದ್ರೆ ಹಿಡಿತದಲ್ಲಿ ಇಟ್ಕೋಬಹುದು. ನಿಮ್ಮ ವಯಸ್ಸಿನವರಲ್ಲೇ ಜಾಸ್ತಿ ನೋಡ್ತೀವಿ." ಆಮೇಲೆ ಪೆನ್ನು ಕೆಳಗಿಟ್ಟು ಕೇಳಿದರು. "ಇತ್ತೀಚೆಗೆ ಮನಸ್ಸಿಗೆ ಏನಾದ್ರೂ ದೊಡ್ಡ ಪೆಟ್ಟು ಬಿದ್ದಿತ್ತಾ? ನಿದ್ದೆ ಹೇಗಿದೆ?"

"ಏನೂ ಇಲ್ಲ ಮೇಡಂ," ಎಂದ ಸೋಮನಾಥ. "ನಿದ್ದೆ ಚೆನ್ನಾಗಿದೆ."

"ಯಾಕೆ ಕೇಳ್ತಿದೀನಿ ಅಂದ್ರೆ, ಟೆನ್ಶನ್ ಒಂದರಿಂದಲೇ ಇದು ಬರಲ್ಲ. ಆದ್ರೆ ಒಳಗೆ ಸುಮ್ನೆ ಇದ್ದದ್ದನ್ನ ಅದು ಎಬ್ಬಿಸಬಹುದು, ಎದ್ದಿದ್ದನ್ನ ಆರೋಕೆ ಬಿಡದೆ ಇರಬಹುದು. ನಾನು ಎಷ್ಟೇ ಔಷಧಿ ಕೊಟ್ರೂ ಅದೊಂದು ಕಡೆಯಿಂದ ಕೆರಳಿಸ್ತಾನೇ ಇರುತ್ತೆ."

ಅವನು ತಲೆಯಾಡಿಸಿದ. ರತ್ನಕ್ಕನ ನಾಲಿಗೆಯ ತುದಿಗೆ ಮಾತು ಬಂದಿತ್ತು. ಸೋಮನಾಥ ಮೇಜಿನ ಕೆಳಗಿನಿಂದ ಅವಳ ಮಣಿಕಟ್ಟು ಬಿಗಿಯಾಗಿ ಹಿಡಿದ.

ಆಸ್ಪತ್ರೆಯ ಮೆಟ್ಟಿಲ ಮೇಲೆಯೇ ಅವಳು ಜಗಳಕ್ಕೆ ನಿಂತಳು. "ಯಾಕ ಸುಳ್ಳ ಹೇಳಿದಿ?"

"ಮನಸ್ಸಿಗೆ ಹತ್ತೇತಿ ಅಂತ ಒಂದು ಸಲ ಕಾಗದದಾಗ ಬರದ್ರ, ನನ್ನ ಎಂಜಿನ್ ಮ್ಯಾಲಿಂದ ಇಳಸ್ತಾರ ಅಕ್ಕಾ. ತಪ್ಪಲ್ಲ ಅದು, ನಾ ಆದ್ರೂ ಹಂಗs ಮಾಡತಿದ್ದೆ. ಇಳದ ಮ್ಯಾಲೆ ನಾ ಏನ್ ಮಾಡ್ಲಿ? ಬ್ಯಾರೆ ಏನೂ ಬರಂಗಿಲ್ಲ ನನಗ."

ದಿನಕ್ಕೆ ಹನ್ನೆರಡು ಗುಳಿಗೆ ನುಂಗತೊಡಗಿದ. ಸ್ಟೆರಾಯ್ಡಿಗೆ ಮುಖ ಊದಿಕೊಂಡಿತು, ಕೈಕಾಲು ಮಾತ್ರ ಕಡ್ಡಿಯಂತಾದವು. ರಕ್ತ ಕಮ್ಮಿಯಾಗುವುದು, ಹತ್ತು ದಿನಕ್ಕೆ ಮತ್ತೆ ಶುರುವಾಗುವುದು. ಅವನು ಓಡಿಸುತ್ತಿದ್ದ ಎಂಜಿನ್ನಿನಲ್ಲಿ ಸಂಡಾಸು ಇರಲಿಲ್ಲ. ಅದಕ್ಕೆ ಅವನು ಕಂಡುಕೊಂಡ ದಾರಿ, ಡ್ಯೂಟಿಯ ಹಿಂದಿನ ಮಧ್ಯಾಹ್ನದಿಂದಲೇ ಏನೂ ಬಾಯಿಗಿಡದಿರುವುದು. ರತ್ನಕ್ಕನಿಗೆ ಇದು ಗೊತ್ತಾದದ್ದು ಅವನ ಸಹಾಯಕ ಪೈಲಟ್ ಸುನೀಲನಿಂದ. ಮತ್ತಿಕೆರೆಯ ಹುಡುಗ, ಎರಡು ವರ್ಷದಿಂದ ಸೋಮನಾಥನ ಪಕ್ಕದಲ್ಲಿ ಕೂತು ಕೆಲಸ ಮಾಡುವವನು. ಒಂದು ಮಧ್ಯಾಹ್ನ ಗಿರಾಕಿಗಳೆಲ್ಲ ಹೋದ ಮೇಲೆ ಬಂದು ಖಾಲಿ ಮೇಜಿನ ಮುಂದೆ ಕೂತ.

"ಅಕ್ಕ, ನೀವು ಕಳಿಸೋ ಬುತ್ತಿ ನಾನೇ ತಿಂತಿದೀನಿ. ಸೋಮಣ್ಣ ಮುಟ್ಟಲ್ಲ. ಹೇಳ್ಬಾರ್ದು ಅಂತ ಆಣೆ ಹಾಕಿಸ್ಕೊಂಡಿದಾರೆ, ಆದ್ರೆ ನಂಗೆ ಗಂಟಲಲ್ಲಿ ಇಳೀತಿಲ್ಲ."

ರತ್ನಕ್ಕ ಹಂಚಿನ ಕೆಳಗೆ ಉರಿ ಆರಿಸಿ ಅವನೆದುರು ಕೂತಳು.

"ಲೊಟ್ಟೆಗೊಲ್ಲಹಳ್ಳಿ ದಾಟ್ತಿದ್ದ ಹಾಗೆ ಅವರು ಹಾರ್ನ್ ಮೇಲಿಂದ ಕೈ ತೆಗೆಯಲ್ಲ ಅಕ್ಕ. ಕೊಡಿಗೆಹಳ್ಳಿ ಬರೋ ತನಕ ಹೊಡೀತಾನೇ ಇರ್ತಾರೆ. ಹಳಿ ಮೇಲೆ ಯಾರೂ ಇರಲ್ಲ, ಒಂದು ನಾಯೀನೂ ಇರಲ್ಲ. ಅಲ್ಲಿಂದ ಮುಂದೆ ಹೊಟ್ಟೆ ಹಿಡ್ಕೊಂಡು ಬಗ್ಗಿಬಿಡ್ತಾರೆ. ಆ ಹುಡುಗಿ ಆಗ್ಲೇ ಮೂರನೇದು ಗೊತ್ತಾ? ಮೊದಲಿನ ಎರಡು ಅವರು ಅಸಿಸ್ಟೆಂಟ್ ಆಗಿದ್ದಾಗ."

ರತ್ನಕ್ಕನಿಗೆ ಮೊದಲ ಎರಡರ ಸುದ್ದಿಯೇ ಗೊತ್ತಿರಲಿಲ್ಲ.

ಮರುದಿನ ಅವಳು ಖಾನಾವಳಿಯ ಬಾಗಿಲು ಹಾಕಿ ತಮ್ಮನ ಮಂಚದ ಮೇಲೆ ಕೂತಳು. "ಎಲ್ಲಾ ಹೇಳು. ಬಿಡಬ್ಯಾಡ," ಎಂದಳು. ಅತ್ತರೆ ಅಳಲಿ ಎಂದು ಅವಳು ಕಾದಳು. ಅವನು ಅಳಲಿಲ್ಲ.

"ಅಕಿ ನನ್ನ ನೋಡಿದಳು ಅಕ್ಕಾ. ಹೊಳ್ಳಿ ನೋಡಿದಳು. ಗಾಡಿ ಬಾಜೂ ಲೈನಿನ್ಯಾಗ ಬರಾಕತ್ತೈತಿ ಅಂತ ತಿಳಕೊಂಡಿದ್ದಳು. ಮಾರಿ ಮ್ಯಾಲೆ ಒಂದೀಟೂ ಅಂಜಿಕಿ ಇರಲಿಲ್ಲ. ಯಾರರೆ ಪರಿಚಯದವರು ಹೊಂಟಾರೇನೋ ಅನ್ನಂಗ ನೋಡಿದಳು. ನನಗ ಗೊತ್ತಿತ್ತು, ಅಕಿಗೆ ಗೊತ್ತಿರಲಿಲ್ಲ. ಸುನೀಲ ಆ ಕಡಿ ಕಿಟಕ್ಯಾಗಿದ್ದ, ಅವಗ ಅಕಿ ಮಾರಿ ಕಾಣಲಿಲ್ಲ. ನಾಕು ಸೆಕೆಂಡ್ ಇರಬೇಕು. ಆ ನಾಕು ಸೆಕೆಂಡ್ ನಾ ಒಬ್ಬನs ಇದ್ದೆ."

ಹೇಳಿ ಮುಗಿಸುವಷ್ಟರಲ್ಲಿ ಅವನ ಹಣೆ ಬೆವೆತಿತ್ತು. ಹೊಟ್ಟೆ ಹಿಡಿದುಕೊಂಡು ಎದ್ದು ಹೋದ. ಹೇಳಿಕೊಂಡರೆ ಹಗುರಾಗುತ್ತದೆ ಎಂದು ಎಲ್ಲರೂ ಅನ್ನುತ್ತಾರೆ. ಆ ವಾರ ಅವನ ಹೊಟ್ಟೆ ಇನ್ನೂ ಕೆಟ್ಟಿತು.

ರತ್ನಕ್ಕನ ತಲೆಯಲ್ಲಿ ಒಂದು ಯೋಚನೆ ಬೇರು ಬಿಟ್ಟಿತು. ಆ ಹುಡುಗಿಯ ತಾಯಿ ಒಂದು ಮಾತು, ಒಂದೇ ಒಂದು ಮಾತು, "ನಿನ್ನ ತಪ್ಪಲ್ಲ" ಎಂದರೆ ತಮ್ಮ ಉಳಿಯುತ್ತಾನೆ. ಸುನೀಲನನ್ನು ಪೀಡಿಸಿ ಹೆಸರು, ವಿಳಾಸ ತಿಳಿದುಕೊಂಡಳು. ಹುಡುಗಿ ವೇದಾ, ಬಿ.ಕಾಂ. ಎರಡನೆಯ ವರ್ಷ. ಯಲಹಂಕದ ಈಚೆಗಿನ ಸಿಂಗಾಪುರ ಎಂಬ ಹಳ್ಳಿಯಲ್ಲಿ ದೊಡ್ಡಮುನಿಯಪ್ಪನವರ ಮನೆ ಎಂದರೆ ಯಾರಾದರೂ ತೋರಿಸುತ್ತಾರೆ. ಅವರ ಮೊಮ್ಮಗಳು. ರತ್ನಕ್ಕ ಯಾರಿಗೂ ಹೇಳದೆ ಬಸ್ಸು ಹತ್ತಿದಳು.

ಹಳೆಯ ಹಳ್ಳಿಯ ಹೆಂಚಿನ ಮನೆಯ ಪಕ್ಕದಲ್ಲೇ ಮೂರಂತಸ್ತಿನ ಬಾಡಿಗೆ ಕಟ್ಟಡ. ಹಿಂದೆ ಎರಡು ಸೀಮೆ ಹಸು. ಹುಡುಗಿಯ ತಾಯಿ ಲಕ್ಷ್ಮಿದೇವಮ್ಮ ಹಸುವಿಗೆ ಹುಲ್ಲು ಹಾಕುತ್ತಿದ್ದವರು, ಮನೆ ಬಾಡಿಗೆಗೆ ಕೇಳಲು ಬಂದವಳೆಂದು ತಿಳಿದು, "ಖಾಲಿ ಇಲ್ಲ ಕಣಮ್ಮ," ಎಂದರು. ರತ್ನಕ್ಕ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತೆಲ್ಲ ಅಲ್ಲಿಯೇ ಮರೆತುಹೋಯಿತು.

"ಆ ಗಾಡಿ ನಡಸಿದಾಂವ ನನ್ನ ತಮ್ಮರಿ," ಎಂದಷ್ಟೇ ಹೇಳಿದಳು.

ಲಕ್ಷ್ಮಿದೇವಮ್ಮನ ಕೈಯಲ್ಲಿ ಹುಲ್ಲು ಹಾಗೇ ಉಳಿಯಿತು. ಬಯ್ಯುತ್ತಾರೆ, ದೂಡುತ್ತಾರೆ ಎಂದು ರತ್ನಕ್ಕ ಮೈ ಗಟ್ಟಿ ಮಾಡಿಕೊಂಡಳು. ಅವರು ಹಟ್ಟಿಯ ಕಟ್ಟೆಯ ಮೇಲೆ ಕೂತರು. ತಮ್ಮನ ಕಾಯಿಲೆಯ ಕಥೆಯನ್ನು ರತ್ನಕ್ಕ ತೊದಲುತ್ತ ಹೇಳಿದಳು. ಅವರು ಅರ್ಧ ಕೇಳಿಸಿಕೊಂಡರೋ ಇಲ್ಲವೋ, ನಡುವೆಯೇ ಕೇಳಿದರು.

"ನಮ್ ಉಡ್ಗಿ ಎದ್ರುಕೊಂಡಿದ್ಲಾ? ಕೂಗ್ಕೊಂಡ್ಲಾ? ಯಾರ್ ಕೇಳುದ್ರೂ ಯೋಳಲ್ಲ ಕಣಮ್ಮ. ಎಂಟು ತಿಂಗ್ಳಿಂದ ಅದೊಂದೇ ನಂಗೆ."

"ಇಲ್ರಿ. ಅಂಜಿರಲಿಲ್ಲಂತ. ಅಕಿಗೆ ಗೊತ್ತs ಆಗಿಲ್ಲಂತ. ಪರಿಚಯದವರನ್ನ ನೋಡಿದಂಗ ನೋಡಿದಳಂತ."

ಲಕ್ಷ್ಮಿದೇವಮ್ಮ ಸೆರಗು ಬಾಯಿಗೆ ತುರುಕಿಕೊಂಡರು. ರತ್ನಕ್ಕನೂ ಅತ್ತಳು. ಕೊನೆಗೆ ಅವರು ಅವಳ ಕೈ ಹಿಡಿದು, "ನಿನ್ ತಮ್ಮುನ್ ಮ್ಯಾಲೆ ನಂಗೇನೂ ಸಿಟ್ಟಿಲ್ಲ. ಆದ್ರೆ ಒಂದ್ ಕಿತ ಬಂದು ಅವ್ನ ಬಾಯಲ್ಲೇ ಯೋಳಕ್ಕೆ ಯೋಳು. ನಮ್ ಉಡ್ಗೀನ ಕಡೇದಾಗಿ ನೋಡಿದೋನು ಅವ್ನೇ ಅಲ್ವಾ," ಎಂದರು.

ಬಸ್ಸಿನಲ್ಲಿ ಕೂತು ಬರುವಾಗ ಬಹಳ ತಿಂಗಳ ಮೇಲೆ ರತ್ನಕ್ಕನಿಗೆ ಉಸಿರು ಸರಾಗವಾಗಿತ್ತು. ಬೇಕಾಗಿದ್ದ ಮಾತು ಸಿಕ್ಕಿತ್ತು. ಮನೆಗೆ ಬಂದವಳೇ ಚಪ್ಪಲಿ ಬಿಡುವ ಮೊದಲೇ ತಮ್ಮನಿಗೆ ಎಲ್ಲ ಹೇಳಿದಳು.

ಅವನು ಮಂಚದಿಂದ ಎದ್ದು ನಿಂತ.

"ನಿನಗ ಯಾರ್ ಹೋಗಂದ್ರು?"

"ಅವರು ಸಿಟ್ಟಾಗಿಲ್ಲೋ ತಮ್ಮಾ, ನನ್ನ ಕೈ ಹಿಡಕೊಂಡು…"

"ಸಿಟ್ಟಾಗಿದ್ರ ಚೊಲೊ ಇತ್ತಲ್ಲ, ಅಕ್ಕಾ! ಬೈದಿದ್ರ ಬೈಸ್ಕೊಂಡು ಸುಮ್ಕ ಇರತಿದ್ದೆ. ಈಗ ನಾ ಹೋಗಿ ಅವರ ಮುಂದ ಕುಂತು ಹೇಳಬೇಕು. ಹ್ಯಾಂಗ ಹೇಳ್ಲಿ? ಅಕಿ ಕಣ್ಣು ಹೆಂಗಿದ್ವು ಅಂತ ಹೇಳ್ಲೇನು?" ಅವನು ಕೂಗಿದ. ಅಕ್ಕನ ಎದುರು ಅವನು ಧ್ವನಿ ಎತ್ತಿದ್ದು ಅದೇ ಮೊದಲು. ಆಮೇಲೆ ಬಾಗಿಲು ಹಾಕಿಕೊಂಡ.

ಮೂರನೆಯ ದಿನ ಬೆಳಿಗ್ಗೆ ಸಂಡಾಸಿನಲ್ಲಿ ಎಚ್ಚರ ತಪ್ಪಿ ಬಿದ್ದ. ಗಂಡ, ಹೆಂಡತಿ, ಪಕ್ಕದ ಅಂಗಡಿಯ ರಿಯಾಜ್ ಮೂವರೂ ಸೇರಿ ಎತ್ತಿ ಆಟೋದಲ್ಲಿ ಮಲಗಿಸಿ ಹೆಬ್ಬಾಳಕ್ಕೆ ಒಯ್ದರು. ಅವನ ಭಾರವನ್ನು ತನ್ನ ತೊಡೆಯ ಮೇಲೆ ಹೊತ್ತ ರತ್ನಕ್ಕನಿಗೆ, ಎಂಟನೆಯ ಇಯತ್ತೆಯ ಹುಡುಗನನ್ನು ಕರೆತಂದಾಗಲೂ ಅವನು ಇಷ್ಟು ಹಗುರ ಇರಲಿಲ್ಲವಲ್ಲ ಎನಿಸಿತು.

ಎರಡು ಬಾಟಲಿ ರಕ್ತ ಏರಿಸಿದರು. ಡಾಕ್ಟರಮ್ಮ ಕಾರಿಡಾರಿಗೆ ಕರೆದು ಹೇಳಿದರು. "ದೊಡ್ಡ ಇಂಜೆಕ್ಷನ್ ಶುರು ಮಾಡಿದೀವಿ. ಮೂರ್ನಾಲ್ಕು ದಿನ ನೋಡ್ತೀವಿ. ರಕ್ತ ನಿಲ್ಲದಿದ್ರೆ ದೊಡ್ಡ ಕರುಳನ್ನೇ ತೆಗೀಬೇಕಾಗುತ್ತೆ. ಆಮೇಲೆ ಮಲ ಹೋಗೋಕೆ ಹೊಟ್ಟೆಗೆ ಚೀಲ ಕಟ್ಕೊಂಡು ಇರ್ಬೇಕು."

"ಮೂವತ್ತು ವರ್ಷರಿ ಅವಗ," ಎಂದಳು ರತ್ನಕ್ಕ, ವಯಸ್ಸು ಹೇಳಿದರೆ ಕರುಳು ಉಳಿದೀತು ಎನ್ನುವ ಹಾಗೆ.

"ಗೊತ್ತಮ್ಮ," ಎಂದರು ಅವರು.

ಆಗ ಅವಳು ಎಲ್ಲವನ್ನೂ ಹೇಳಿಬಿಟ್ಟಳು. ಹುಡುಗಿ, ಹಾರ್ನು, ನಾಲ್ಕು ಸೆಕೆಂಡು, ತಿನ್ನದ ಬುತ್ತಿ, ತಾನು ಸಿಂಗಾಪುರಕ್ಕೆ ಹೋಗಿ ಬಂದದ್ದು. ಡಾಕ್ಟರಮ್ಮ ನಡುವೆ ಬಾಯಿ ಹಾಕದೆ ಕೇಳಿದರು. "ಮನೋವೈದ್ಯರನ್ನ ಕರೆಸ್ತೀನಿ. ಇದನ್ನ ಬರೀಲೇಬೇಕು ನಾನು," ಎಂದರು. ರತ್ನಕ್ಕ ಹೂಂ ಎಂದಳು. ಹೂಂ ಎನ್ನುವಾಗಲೇ, ತಮ್ಮನನ್ನು ಎಂಜಿನ್ನಿನಿಂದ ಕೆಳಗಿಳಿಸುತ್ತಿರುವುದು ತಾನೇ ಎಂದು ಅವಳಿಗೆ ತಿಳಿದಿತ್ತು.

ಮನೋವೈದ್ಯರು ಬಂದು ಹೋದ ಮೇಲೆ ಸೋಮನಾಥ ಅವಳ ಕಡೆ ತಿರುಗಲಿಲ್ಲ. ಗಂಜಿಯ ಬಟ್ಟಲು ಹಿಡಿದು ಅವಳು ಮಂಚದ ಆ ಬದಿಗೆ ಹೋದರೆ ಅವನು ಈ ಬದಿಗೆ ಮಗ್ಗುಲಾದ.

ಐದನೆಯ ದಿನ ಮಧ್ಯಾಹ್ನ ಲಕ್ಷ್ಮಿದೇವಮ್ಮ ಬಂದರು. ಸುನೀಲ ಅವರ ಮನೆಗೆ ಹೋಗಿ ಸುದ್ದಿ ಮುಟ್ಟಿಸಿದ್ದನಂತೆ; ಕೆಂಪಾಪುರದ ತಂಗಿಯ ಮನೆಗೆ ಬಂದವರು ಅಲ್ಲಿಂದ ಆಸ್ಪತ್ರೆ ಹುಡುಕಿಕೊಂಡು ಬಂದಿದ್ದರು. ವಾರ್ಡಿನ ಬಾಗಿಲಲ್ಲಿ ಅವರನ್ನು ಕಂಡು ರತ್ನಕ್ಕ ಎದ್ದು ಸ್ಟೂಲು ಬಿಟ್ಟುಕೊಟ್ಟಳು. ಸೋಮನಾಥ ಕಣ್ಣು ಮುಚ್ಚಿ ಮಲಗಿದ್ದ. ನಿದ್ದೆಯಲ್ಲ ಅದು, ರೆಪ್ಪೆ ಅದುರುತ್ತಿತ್ತು. ಲಕ್ಷ್ಮಿದೇವಮ್ಮ ಸ್ಟೂಲಿನ ಮೇಲೆ ಕೂತು ಅವನನ್ನೇ ನೋಡಿದರು. ಊದಿದ ಮುಖ, ಸೂಜಿ ಚುಚ್ಚಿ ನೀಲಿಗಟ್ಟಿದ ಕೈ, ಹೊದಿಕೆಯ ಕೆಳಗೆ ಇದ್ದೂ ಇಲ್ಲದಂಥ ಮೈ.

"ಇಷ್ಟು ಚಿಕ್ಕೋನಾ?" ಎಂದರು ಮೆಲ್ಲಗೆ. "ನಾನು ಯಾರೋ ಮೀಸೆ ಬಿಟ್ಕೊಂಡಿರೋ ದೊಡ್ಡೋನು ಅಂದ್ಕೊಂಡಿದ್ದೆ ಕಣಮ್ಮ."

ಕಾಲು ಗಂಟೆ ಕೂತರು. ಏನೂ ಕೇಳಲಿಲ್ಲ. ಎದ್ದು ಹೋಗುವಾಗ ಜಾರಿದ್ದ ಹೊದಿಕೆಯನ್ನು ಅವನ ಪಾದದ ಮೇಲೆ ಎಳೆದರು. ಅವರ ಚಪ್ಪಲಿಯ ಸದ್ದು ಲಿಫ್ಟಿನ ತನಕ ಹೋಗಿ ನಿಂತ ಮೇಲೆ ಸೋಮನಾಥ ಕಣ್ಣು ತೆರೆದ. ದಿಂಬು ಒದ್ದೆಯಾಗಿತ್ತು.

"ಹೋದ್ರೇನು?"

"ಹೋದ್ರು. ಕರೀಲೇನು? ಇನ್ನೂ ಕೆಳಗ ಇರತಾರ."

ರತ್ನಕ್ಕ ಬಾಗಿಲ ಕಡೆ ಒಂದು ಕಾಲಿಟ್ಟುಕೊಂಡೇ ನಿಂತಿದ್ದಳು. "ಬ್ಯಾಡ," ಎಂದ ಕೊನೆಗೆ. "ನನ್ನ ಕೈಲಿ ಆಗಂಗಿಲ್ಲ."

ಕರುಳು ಉಳಿಯಿತು. ಆರನೆಯ ದಿನ ರಕ್ತ ಕಡಿಮೆಯಾಯಿತು, ಹದಿನೈದನೆಯ ದಿನ ಮನೆಗೆ ಕಳಿಸಿದರು. ಎರಡು ತಿಂಗಳ ಮೇಲೆ ವೈದ್ಯಕೀಯ ತಪಾಸಣೆಯಾಗಿ, ಎಂಜಿನ್ ಓಡಿಸುವುದಕ್ಕೆ ಇವರು ತಕ್ಕವರಲ್ಲ ಎಂದು ಬರೆದರು. ಕಚೇರಿಯಲ್ಲಿ ಕೂತು ಯಾರಿಗೆ ಯಾವ ಗಾಡಿ ಎಂದು ಪಟ್ಟಿ ಮಾಡುವ ಕೆಲಸ ಕೊಟ್ಟರು. ಅಲ್ಲಿ ಯಾರೂ ಅವನೊಂದಿಗೆ ಕೆಟ್ಟದಾಗಿ ನಡೆದುಕೊಳ್ಳಲಿಲ್ಲ. ತಿಂಗಳಿಗೆರಡು ಸಲ ಮನೋವೈದ್ಯರ ಹತ್ತಿರ ಹೋಗಿಬರುತ್ತಾನೆ. ಅಲ್ಲಿ ಮಾತಾಡುತ್ತಾನೋ ಸುಮ್ಮನೆ ಕೂತು ಬರುತ್ತಾನೋ ರತ್ನಕ್ಕನಿಗೆ ಗೊತ್ತಿಲ್ಲ.

ಎಂಜಿನ್ ಬಿಟ್ಟರೆ ಹೊಟ್ಟೆ ಸುಧಾರಿಸುತ್ತದೆ ಎಂದು ಅವಳು ನಂಬಿಕೊಂಡಿದ್ದಳು. ದಸರೆಯ ಮುಂದೆ ಮತ್ತೆ ರಕ್ತ ಕಂಡಿತು. ಡಾಕ್ಟರಮ್ಮನನ್ನು ಕೇಳಿದಳು. "ಈಗ ಕಾರಣ ಹೋತಲ್ರಿ. ಮತ್ಯಾಕ ಬಂತು?"

"ಶುರು ಆಗೋಕೆ ಕಾರಣ ಬೇಕಿತ್ತು, ಅಮ್ಮ. ಈಗ ಅದಕ್ಕೆ ಕಾರಣವೇ ಬೇಕು ಅಂತಿಲ್ಲ," ಎಂದರು ಅವರು. "ಯಾವಾಗ ಬಿಡುತ್ತೆ ಅಂತ ನಾನು ಹೇಳಕ್ಕಾಗಲ್ಲ."

ಆವತ್ತು ಮನೆಗೆ ಬಂದು ರತ್ನಕ್ಕ ಹಿಟ್ಟು ನಾದಲು ಕೂತಳು. ಹನ್ನೆರಡೂವರೆಗೆ ಗಿರಾಕಿಗಳು ಬರತೊಡಗುತ್ತಾರೆ. ಒಳಗಿನಿಂದ ಸೋಮನಾಥ ಕರೆದ. ಹೋದರೆ, ಅವನು ಮೊಣಕಾಲು ಹೊಟ್ಟೆಗೆ ಒತ್ತಿಕೊಂಡು ಮಲಗಿದ್ದ.

"ಏನ್ ಕೊಡ್ಲಿ ತಮ್ಮಾ? ಗಂಜಿ? ಬಿಸಿನೀರಿನ ಚೀಲ?"

"ಏನೂ ಬ್ಯಾಡ. ಸುಮ್ಕ ಇಲ್ಲೇ ಕುಂದ್ರು."

ಕೈಗೆ ಮೆತ್ತಿದ್ದ ಜೋಳದ ಹಿಟ್ಟನ್ನು ಸೀರೆಗೆ ಒರೆಸಿಕೊಂಡು ಅವಳು ಮಂಚದ ತುದಿಯಲ್ಲಿ ಕೂತಳು. ನೋವು ಬಂದಾಗ ಅವನು ಹಲ್ಲು ಕಚ್ಚುತ್ತಿದ್ದ, ಹೋದಾಗ ಬಿಡುತ್ತಿದ್ದ. ಹೊರಗೆ ಯಾರೋ ಬಂದು, "ಅಕ್ಕಾರ, ಊಟ ಐತೇನ್ರಿ?" ಎಂದು ಎರಡು ಸಲ ಕೂಗಿ, ಉತ್ತರ ಸಿಗದೆ ಹೊರಟುಹೋದರು.